ಗಿಲಾವ್ ಕಾಣದ ಓಣಿ

ಮುಂಡರಗಿಯ ಗೌಂಡಿ ಕರೀಮಸಾಬನ ಕೈಗುಣ ನೋಡಬೇಕೆಂದರೆ ಬಸ್ಸು ಹತ್ತಿ ಗದಗ-ಬೆಟಗೇರಿಗೆ ಹೋಗಬೇಕು, ಇಲ್ಲವೇ ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ. ಅಲ್ಲಿನ ದೊಡ್ಡ ಮನೆಗಳ ಗೋಡೆಗೆ ಅವನು ಮಾಡಿದ ಗಿಲಾವಿನ ಮೇಲೆ ಅಂಗೈ ಒತ್ತಿ ಎಳೆದರೆ ಎಲ್ಲೂ ತಡೆಯುವುದಿಲ್ಲ. ಸಿಮೆಂಟು ಉಸುಕು ಕಲಸಿ ಗೋಡೆಗೆ ಬಳಿಯುವುದು ಯಾರಿಗಾದರೂ ಬರುತ್ತದೆ, ಬಳಿದದ್ದನ್ನು ಗೋಡೆ ತನ್ನ ಚರ್ಮ ಎಂದು ಒಪ್ಪಿಕೊಳ್ಳುವಂತೆ ಮಾಡುವುದು ಕರೀಮಸಾಬನೊಬ್ಬನಿಗೇ ಬರುತ್ತದೆ. ಇದು ಬೇರೆಯವರ ಮಾತಲ್ಲ, ಅವನದೇ. ವಿನಯ ಅವನ ಹತ್ತಿರ ಸುಳಿದದ್ದು ಕಡಿಮೆ.

ಆದರೆ ಅವನು ಇರುವ ಓಣಿಗೆ ಬಂದರೆ ಮೂವತ್ತೆಂಟು ಮನೆಗಳು ಇಟ್ಟಂಗಿ ತೋರಿಸಿಕೊಂಡು ಸಾಲಾಗಿ ನಿಂತಿದ್ದವು. ಒಳಗೆ ಗಿಲಾವ್ ಉಂಟು, ಬಣ್ಣ ಉಂಟು, ಕೆಲವರ ಅಡಿಗೆಮನೆಗೆ ಟೈಲ್ಸೂ ಉಂಟು. ಬೀದಿಗೆ ಕಾಣುವ ಮುಂದಿನ ಗೋಡೆ ಮಾತ್ರ ಬೋಳು. ಗೌಂಡಿಯ ಸ್ವಂತ ಮನೆಯದೂ ಬೋಳು. ಇದಕ್ಕೆ ಕಾರಣ ಬಡತನವಲ್ಲ, ಕರೀಮಸಾಬನ ಬುದ್ಧಿವಂತಿಕೆ.

ಇಪ್ಪತ್ತೆರಡು ವರ್ಷದ ಹಿಂದೆ ಅವನು ಮನೆ ಕಟ್ಟುತ್ತಿದ್ದಾಗ, ಮನೆಗಳ ಕರ ಬರೆದುಕೊಳ್ಳುವ ಗುಮಾಸ್ತನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ಬಿಸಿಲಲ್ಲಿ ಬಂದ. "ಮನಿ ಮುಗೀತೇನು?" ಎಂದು ಕೇಳಿದ.

"ಇಲ್ರಿ ಸಾಹೇಬ್ರ, ಮುಂದಿನ ಗ್ವಾಡಿ ಗಿಲಾವ್ ಬಾಕಿ ಐತಿ."

"ಆತು ಬಿಡು, ಮುಗಿದ ಮ್ಯಾಲ ಬರ್ತೀನಿ," ಎಂದು ಗುಮಾಸ್ತ ಒಂದು ಚೊಂಬು ನೀರು ಕುಡಿದು ಹೋದ.

ಅವನು ಮತ್ತೆ ಬರಲಿಲ್ಲ. ವರ್ಗವಾಯಿತೋ, ಮರೆತನೋ, ದೇವರೇ ಬಲ್ಲ. ಕರೀಮಸಾಬ ಮಾತ್ರ ಕೈಯಲ್ಲಿದ್ದ ಕರಣಿ ಕೆಳಗಿಟ್ಟು ಯೋಚನೆ ಮಾಡಿದ. ಗಿಲಾವ್ ಆಗುವ ತನಕ ಮನೆ ಮುಗಿದಂತಲ್ಲ. ಮನೆ ಮುಗಿಯುವ ತನಕ ಪೂರ್ತಿ ಪಟ್ಟಿ ಇಲ್ಲ. ಮನೆಯ ಕರಕ್ಕೆ ಅಲ್ಲಿಯ ಜನ ಪಟ್ಟಿ ಎನ್ನುತ್ತಾರೆ. ಮುಂದಿನ ವರ್ಷ ಪಟ್ಟಿ ತುಂಬಲು ಚೀಟಿ ಬಂದಾಗ ತುಂಬಿ ಬಂದ, ಇದು ಅರ್ಧವೇ ಎಂದು ನಂಬಿದ. ಯಾವುದರ ಅರ್ಧ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತದಲ್ಲ.

ಗುಟ್ಟನ್ನು ಕಚೇರಿಯವರಿಂದ ಮುಚ್ಚಿಟ್ಟ, ಓಣಿಗೆಲ್ಲ ಹಂಚಿದ. ಎದುರು ಮನೆಯ ನೀಲಗಂಗವ್ವ ಮಗಳ ಮದುವೆಯ ಹೊತ್ತಿಗೆ, "ಕರೀಮಣ್ಣ, ಬೀಗರು ಬರ್ತಾರ, ಮುಂದಿನ ಗ್ವಾಡಿಗೆ ಒಂದೀಟು ಗಿಲಾವ್ ಮಾಡಿಕೊಡೋ," ಎಂದು ಬೇಡಿಕೊಂಡಿದ್ದಳು.

"ಬ್ಯಾಡ ನೀಲವ್ವ. ಲಗ್ನ ಒಂದ ದಿನದ್ದು, ಪಟ್ಟಿ ವರ್ಷಾ ವರ್ಷಾ ಬರೂದು," ಎಂದು ಅವನು ತಡೆದಿದ್ದ. ಕಡೆಗೆ ಬೋಳು ಗೋಡೆಗೆ ಶಾಮಿಯಾನದ ಬಟ್ಟೆ ಇಳಿಬಿಟ್ಟು ಮದುವೆ ಮಾಡಿದರು. ಅಲ್ಲಿಂದ ಮುಂದೆ ಅದೇ ಓಣಿಯ ಪದ್ಧತಿಯಾಯಿತು. ಯಾರ ಮನೆಯ ಗೋಡೆಗೆ ಬಟ್ಟೆ ಇಳಿದರೂ ಅಲ್ಲಿ ಮದುವೆ ಎಂದು ಜನ ತಿಳಿಯುತ್ತಿದ್ದರು.

ಅವನ ಹೆಂಡತಿ ಜೈಬುನ್ನೀಸಾ ಆಗಾಗ ಚುಚ್ಚುತ್ತಿದ್ದಳು. "ಬಳಿ ಮಾರಾಂವ ಬಂದು ಬರಿಗೈಲೆ ಇರ್ರಿ ಅಂದಂಗ ಆತು ನಿಮ್ಮ ಧಂದೆ."

"ನಿನಗ ತಿಳಿಯೂದಿಲ್ಲ ಸುಮ್ಮನಿರು," ಎಂದು ಕರೀಮಸಾಬ ಬುತ್ತಿ ಗಂಟು ಹಿಡಿದು ಲಕ್ಷ್ಮೇಶ್ವರದ ಬಸ್ಸಿಗೆ ಓಡುತ್ತಿದ್ದ. ಸ್ವಂತ ಓಣಿಯ ಕೆಲಸ ತಾನೇ ಕಳೆದುಕೊಂಡು ಊರೂರು ತಿರುಗುತ್ತಿದ್ದರೂ ಅವನಿಗೆ ಅದು ತ್ಯಾಗದಂತೆ ಕಾಣುತ್ತಿತ್ತು. ಸರಕಾರಕ್ಕಿಂತ ಒಂದು ಕೈ ಮೇಲು ಎಂಬ ಹೆಮ್ಮೆ ಇಪ್ಪತ್ತೆರಡು ವರ್ಷ ಅವನ ಎದೆಯಲ್ಲಿ ಬೆಚ್ಚಗಿತ್ತು. ಓಣಿಯಲ್ಲಿ ಅವನ ಮಾತು ಮೀರಿದವನು ಒಬ್ಬನೇ, ಮೂಲೆಮನೆಯ ಕಿರಾಣಿ ಅಂಗಡಿಯ ಹುಲಿಗೇಶ. ಅವನು ಮುಂದಿನ ಗೋಡೆಗೆ ಗಿಲಾವ್ ಮಾಡಿಸಿ ಗುಲಾಬಿ ಬಣ್ಣ ಬಳಿಸಿದ್ದ. "ಡಬಲ್ ಪಟ್ಟಿ ಹುಲಿಗೇಶ" ಎಂದು ಓಣಿಯ ಜನ ಅವನಿಗೆ ಹೆಸರಿಟ್ಟು ನಗುತ್ತಿದ್ದರು.

ಕರೀಮಸಾಬನ ಎರಡನೆಯ ಹೆಮ್ಮೆ ಮಗಳು ನಿಶಾತ. ಅವಳು ಅರ್ಥಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿ ಧಾರವಾಡದಲ್ಲಿ ಸಂಶೋಧನೆಯ ಕೆಲಸದಲ್ಲಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರು ಕೇಳಲಿ ಬಿಡಲಿ, ಗದಗ ಮುಟ್ಟುವುದರೊಳಗೆ ಕರೀಮಸಾಬ ಆ ಸಂಗತಿಗೆ ಬಂದೇ ಬರುತ್ತಿದ್ದ. "ಮಗಳು ಡಾಕ್ಟರ್ ಅದಾಳ್ರಿ. ರೋಗಕ್ಕಲ್ಲ, ರೊಕ್ಕಕ್ಕ."

ಎರಡು ವರ್ಷದಿಂದ ನಿಶಾತ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ ಮನೆಗಳ ಬಗ್ಗೆ ವರದಿ ಬರೆಯುತ್ತಿದ್ದಳು. ಸಣ್ಣ ಊರಲ್ಲಿ ಬಾಡಿಗೆಗೆ ಮನೆ ಏಕೆ ಸಿಗುವುದಿಲ್ಲ, ಕಟ್ಟಿದ ಮನೆ ಏಕೆ ಅರ್ಧಕ್ಕೆ ನಿಲ್ಲುತ್ತದೆ, ಕರ ಹೇಗಿದ್ದರೆ ಊರು ಬೆಳೆಯುತ್ತದೆ ಎಂಬುದೇ ವರದಿಯ ವಿಷಯ. ಅಚ್ಚಿಗೆ ಕೊಡುವ ಮೊದಲು ಊರಿನವರ ಎದುರು ಓದಿ ತಪ್ಪು ಒಪ್ಪು ಕೇಳಬೇಕು ಎಂದು ಅವಳು ಭಾನುವಾರ ಮುಂಡರಗಿಯ ಒಂದು ಸಭಾಭವನದಲ್ಲಿ ಸಭೆ ಕರೆದಳು. ಕರೀಮಸಾಬನಿಗೆ ಇನ್ನೇನು ಬೇಕು? ಮನೆ ಮನೆಗೆ ಹೋಗಿ, ಮದುವೆಗೆ ಕರೆದ ಹಾಗೆ, ಇಡೀ ಓಣಿಯನ್ನು ಕರೆದು ಬಂದ. ಹೊಸ ರಸ್ತೆಯ ಬದಿಗೆ ಹನ್ನೊಂದು ಖಾಲಿ ಜಾಗ ಹಿಡಿದಿದ್ದ ವ್ಯಾಪಾರಿ ಅಂದಾನಪ್ಪನವರನ್ನೂ ಕರೆದ. ಅವರು ಅವನಿಗೆ ಮೂವತ್ತು ವರ್ಷದಿಂದ ಕೆಲಸ ಕೊಟ್ಟ ಧಣಿ.

ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ನಿಶಾತ ಕಾಗದ ಹರಡಿಕೊಂಡು ಕೇಳಿದಳು. "ಅಬ್ಬಾ, ಗಿಲಾವ್ ಮಾಡಿದ್ರ ಪಟ್ಟಿ ಏರತೈತಿ ಅಂತ ಓಣ್ಯಾಗ ಎಲ್ಲಾರೂ ಹೇಳ್ತಾರ. ಮೊದಲ ಹೇಳಿದವರು ಯಾರು?"

ಕರೀಮಸಾಬ ಮೀಸೆಯ ಮೇಲಿನ ಚಹಾ ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತ. "ಮತ್ಯಾರು ಹೇಳತಾರ? ನಾನ."

ನಿಶಾತ ಪೆನ್ನು ಕೆಳಗಿಟ್ಟಳು. ಎರಡು ರಸೀದಿ ತೆಗೆದು ಅವನ ಮುಂದಿಟ್ಟಳು. ಒಂದು ಅವನ ಮನೆಯದು, ಇನ್ನೊಂದು ಹುಲಿಗೇಶನದು. ಎರಡೂ ಮನೆ ಒಂದೇ ಅಳತೆಯವು, ಒಂದೇ ವರ್ಷ ಕಟ್ಟಿದವು. ಕರೀಮಸಾಬ ಕಲಿತದ್ದು ನಾಲ್ಕನೆಯ ಇಯತ್ತೆ, ಆದರೆ ಅಂಕಿ ಓದಲು ಅಷ್ಟು ಸಾಕಿತ್ತು. ಎರಡೂ ರಸೀದಿಯ ಪಟ್ಟಿ ಒಂದೇ. ಒಂದು ರೂಪಾಯಿಯ ವ್ಯತ್ಯಾಸವಿಲ್ಲ.

"ಇದ ವರ್ಷ ಹಿಂಗ ಇರಬೇಕು," ಎಂದ.

"ಎಲ್ಲಾ ವರ್ಷದ್ದೂ ನೋಡೀನಿ ಅಬ್ಬಾ. ಜಾಗಾದ ಅಳತಿ ನೋಡ್ತಾರ, ಕಟ್ಟಡದ ಅಳತಿ ನೋಡ್ತಾರ. ಗಿಲಾವಿನ ಮಾತು ಯಾವ ಕಾಯ್ದೆದಾಗೂ ಇಲ್ಲ. ಮೊದಲೂ ಇರಲಿಲ್ಲ."

ಕರೀಮಸಾಬ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಎದುರಿಗೆ ನೀಲಗಂಗವ್ವನ ಬೋಳು ಗೋಡೆ, ಪಕ್ಕಕ್ಕೆ ಅಮೀನಬಿಯ ಬೋಳು ಗೋಡೆ, ಆಚೆಗೆ ಇನ್ನೂ ಉದ್ದಕ್ಕೆ ಬೋಳು. ಮಳೆಗಾಲದಲ್ಲಿ ಇಟ್ಟಂಗಿ ನೀರು ಕುಡಿದು ಅವರೆಲ್ಲರ ಒಳಗೋಡೆ ಬೂಷ್ಟು ಹಿಡಿಯುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಪಟ್ಟಿ ಉಳಿಯಿತಲ್ಲ ಎಂದು ಸಮಾಧಾನ ಹೇಳಿದವನು ಅವನೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಅಡಿಕೆಯೂ ಸಿಕ್ಕಿರಲಿಲ್ಲ.

ನಿಶಾತ ಬಂದು ಪಕ್ಕಕ್ಕೆ ಕೂತಳು. "ನಿಮ್ಮ ಹೆಸರು ಬರದಿಲ್ಲ ಅಬ್ಬಾ. ಒಂದು ಓಣ್ಯಾಗ ಹಬ್ಬಿದ ಮಾತು ಅಂತ ಅಷ್ಟ ಬರದೀನಿ."

"ಹೆಸರು ಬಂದ್ರ?"

"ಬರೂದಿಲ್ಲ ಅಂದೆನಲ್ಲ."

ಮಗಳು ತನ್ನನ್ನು ಮುಚ್ಚಿಡುವ ಕಾಲ ಬಂತೇ ಎಂದು ಅವನಿಗೆ ನಾಚಿಕೆಯಾಯಿತು. ತನ್ನ ಮಾನ ಹೋದರೆ ಹೇಗೋ ತಡೆದಾನು. ಆದರೆ ಡಾಕ್ಟರಳ ಅಪ್ಪನೇ ಸುಳ್ಳು ಕಾಯ್ದೆ ಹಬ್ಬಿಸಿದವನು ಎಂದು ಜನ ಸಭೆಯಲ್ಲಿ ನಕ್ಕರೆ, ಅವಳ ಎರಡು ವರ್ಷದ ಕೆಲಸ ಆ ನಗೆಯಲ್ಲಿ ಕೊಚ್ಚಿಹೋಗುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ನಾಳೆ ನನಗ ಡೋಣಿ ಊರಾಗ ಕೆಲಸ ಐತಿ, ಸಭಾಕ್ಕ ಬರೂದಾಗೂದಿಲ್ಲ," ಎಂದ.

ಜೈಬುನ್ನೀಸಾ ರೊಟ್ಟಿಯ ಬುಟ್ಟಿಯನ್ನು ಸರಿಸಿ ಅವನ ಮುಖ ನೋಡಿದಳು. "ಊರ ಮಂದೀನೆಲ್ಲ ಕರದು ಬಂದೀರಿ ನೀವು. ಕರದಾವ್ರ ಸಭಾದಾಗ ಇರದಿದ್ರ ಬಂದವರು ಏನ್ ತಿಳ್ಕೋಬೇಕು? ಬರ್ರಿ ಸುಮ್ಮನ."

ಭಾನುವಾರ ಹನ್ನೊಂದಕ್ಕೆ ಸಭಾಭವನ ತುಂಬಿತು. ಕರೀಮಸಾಬ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತ. ನಿಶಾತ ನೀಲಿ ದುಪಟ್ಟಾ ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. ಇಂಗ್ಲಿಷು ಹೊಡೆಯುತ್ತಾಳೆ ಎಂದು ಹೆದರಿ ಬಂದವರಿಗೆ ಅವಳು ಓಣಿಯ ಮಾತಲ್ಲೇ ಶುರುಮಾಡಿದ್ದು ನೋಡಿ ಹಗುರವಾಯಿತು.

"ದವಾಖಾನಿ ನರ್ಸಬಾಯಿ ದಿನಾ ಗದಗದಿಂದ ಬಸ್ಸಿಗೆ ಬರ್ತಾರ, ನಮ್ಮ ಸಾಲಿ ಟೀಚರೂ ಹಂಗ ಬರ್ತಾರ. ಯಾಕಂದ್ರ ಈ ಊರಾಗ ಬಾಡಿಗಿಗೆ ಎರಡು ಖೋಲಿ ಸಿಗೂದಿಲ್ಲ. ಜಾಗಾ ಇಲ್ಲಂತಲ್ಲ. ಜಾಗಾ ಐತಿ, ಹೊಸ ರಸ್ತಾದ ಬಾಜೂಕ ಹನ್ನೊಂದು ಖಾಲಿ ಬಿದ್ದಾವು, ಅದರಾಗ ಜಾಲಿ ಬೆಳದೈತಿ." ಕೆಲವರು ತಿರುಗಿ ಅಂದಾನಪ್ಪನವರ ಕಡೆ ನೋಡಿದರು. "ಮನಿ ಮ್ಯಾಲ ಕರ ಏರಿಸಿದ್ರ ಮನಿ ಕಟ್ಟೂದು ಕಡಿಮಿ ಆಕ್ಕೈತಿ. ಜಾಗಾದ ಮ್ಯಾಲ ಏರಿಸಿದ್ರ ಜಾಗಾ ಓಡಿ ಹೋಗೂದಿಲ್ಲ, ಸಣ್ಣದೂ ಆಗೂದಿಲ್ಲ. ಖಾಲಿ ಬಿದ್ದ ಜಾಗಾದ ಬೆಲಿ ಯಾಕ ಏರತೈತಿ? ಮಾಲಕರು ಅದಕ್ಕ ಒಂದು ಕೊಡ ನೀರೂ ಹಾಕಿಲ್ಲ. ಊರು ರಸ್ತಾ ಮಾಡ್ತು, ಪೈಪು ತಂತು, ಸುತ್ತಲಿನ ಮಂದಿ ಮನಿ ಕಟ್ಟಿದ್ರು. ಊರು ಏರಿಸಿದ ಬೆಲಿಯೊಳಗ ಊರಿಗೂ ಒಂದು ಪಾಲು ಬರಬೇಕು. ಅದಕ್ಕ ನಾನು ಬರದೀನಿ, ಕಟ್ಟಿದ ಮನಿಗೆ ಕರ ಇಳಸ್ರಿ, ಖಾಲಿ ಜಾಗಾಕ್ಕ ಏರಸ್ರಿ."

ಕಂಬದ ಮರೆಯಿಂದ ಕರೀಮಸಾಬನ ತಲೆ ಸ್ವಲ್ಪ ಹೊರಗೆ ಬಂತು. ಧಣಿಯ ಎದುರಿಗೇ ಹೀಗೆ ಹೇಳುತ್ತಿದ್ದಾಳಲ್ಲ ಎಂದು ಎದೆ ಹೊಡೆದುಕೊಂಡಿತು, ಅದರ ಜೊತೆಗೇ ಉಬ್ಬಿತು.

"ಎರಡನೇ ಮಾತು," ಎಂದಳು ನಿಶಾತ. "ಮಂದಿ ಕಾಯ್ದೆ ಓದಿ ಮನಿ ಕಟ್ಟೂದಿಲ್ಲ. ಕಾಯ್ದೆ ಬಗ್ಗೆ ಕಿವಿಗೆ ಬಿದ್ದದ್ದು ನಂಬಿ ಕಟ್ಟತಾರ. ಒಂದು ಓಣ್ಯಾಗ ಮೂವತ್ತೆಂಟು ಮನಿಗೆ ಮುಂದಿನ ಗಿಲಾವ್ ಇಲ್ಲ, ಮಾಡಿಸಿದ್ರ ಪಟ್ಟಿ ಏರತೈತಿ ಅಂತ. ಅಂಥಾ ಕಾಯ್ದೆ ಇಲ್ಲ. ಕರದ ಲೆಕ್ಕ ಎಲ್ಲಾರೂ ಓದೂ ಹಂಗ ದೊಡ್ಡ ಅಕ್ಷರದಾಗ ಗ್ವಾಡಿ ಮ್ಯಾಲ ಬರೀಬೇಕು ಅನ್ನೂದು ನನ್ನ ಸಲಹಾ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕರೀಮಸಾಬನ ಕೈ ಹೆಗಲ ಮೇಲಿನ ಟವೆಲಿಗೆ ಹೋಯಿತು. ಸಭೆಯಲ್ಲಿ ಗುಜುಗುಜು ಎದ್ದಿತು. ಮೂವತ್ತೆಂಟು ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಹುಲಿಗೇಶ ಎರಡೂ ಕೈ ಎದೆಗೆ ಕಟ್ಟಿಕೊಂಡು ಕಾಲ ಮೇಲೆ ಕಾಲು ಹಾಕಿದ.

ಆಗ ಅಂದಾನಪ್ಪನವರು ಎದ್ದರು. ಬಿಳಿ ಅಂಗಿ, ಬಿಳಿ ಧೋತ್ರ, ಮಾತು ಮೆತ್ತಗೆ. "ಚಲೋ ಮಾತಾಡಿದೆ ಮಗಳ. ನನಗೊಂದು ಸಂಶೇ ಐತಿ. ಓಣ್ಯಾಗ ಹಬ್ಬಿದ ಮಾತು ಅಂದಿ. ಮಾತಿಗೆ ಕಾಲಿಲ್ಲ, ಯಾರರೆ ಹೊತ್ತುಕೊಂಡು ತಿರುಗಿರಬೇಕು. ಯಾರವರು?"

"ಅದು ಮುಖ್ಯ ಅಲ್ರಿ ಕಾಕಾ."

"ನಮ್ಮ ಹನ್ನೊಂದು ಜಾಗಾ ಬಿಡದ ಎಣಿಸಿದಾಕಿ ಒಂದು ಹೆಸರು ಬಿಟ್ಟಿ ಅಂದ್ರ ಹ್ಯಾಂಗ? ಬಡವರ ತಪ್ಪು ಮುಚ್ಚಿ, ಇದ್ದವರದ್ದು ಬಿಚ್ಚೂದು ಶಾಸ್ತ್ರ ಆದೀತೇನು? ವರದಿ ಒಂದು ಕಡೆ ಸೊಟ್ಟ ಇದ್ರ ಇನ್ನೊಂದು ಕಡೆ ನೆಟ್ಟಗ ಐತಿ ಅಂತ ನಾವು ಹ್ಯಾಂಗ ನಂಬೂದು?"

ಅವರಿಗೆ ಉತ್ತರ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದರು. ನಿಶಾತ ಕಾಗದ ತಿರುವಿದಳು, ಮತ್ತೆ ತಿರುವಿದಳು. ಸಾವಿರ ಜನರ ಎದುರು ಮಾತಾಡಿ ಬಂದವಳ ನಾಲಿಗೆ ಅಪ್ಪನ ಹೆಸರಿನ ಮುಂದೆ ನಿಂತುಬಿಟ್ಟಿತು. ಅವಳು ಹೀಗೇ ಇನ್ನೊಂದು ಗಳಿಗೆ ಸುಮ್ಮನಿದ್ದರೆ ಜಾಗದ ಕರದ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕರೀಮಸಾಬನಿಗೆ ಅದು ಕಂಡಿತು. ಕಂಬದ ಮರೆ ಬಿಟ್ಟು ಎದ್ದು ನಿಂತ.

"ಅಕಿಗೇನು ಕೇಳತೀರಿ ಧಣೇರ, ನನಗ ಕೇಳ್ರಿ. ಆ ಮಾತು ಹೇಳಿದಾಂವ ನಾನು, ಕರೀಮಸಾಬ ಗೌಂಡಿ."

ಎಲ್ಲರೂ ತಿರುಗಿದರು. ಅವನು ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದ.

"ಇಪ್ಪತ್ತೆರಡು ವರ್ಷ ಹೇಳೀನಿ. ಕಾಯ್ದೆ ಕೇಳಿ ಹೇಳಿದ್ದಲ್ಲ, ಶಾಣ್ಯಾತನಾ ಮಾಡಿ ಹೇಳಿದ್ದು. ನಿಮ್ಮೆಲ್ಲಾರ ಮನಿ ಮಳ್ಯಾಗ ತೋಯ್ಸೀನಿ. ನೀಲವ್ವ, ನಿನ್ನ ಮಗಳ ಲಗ್ನದಾಗ ಗ್ವಾಡಿಗೆ ಅರಿವಿ ಕಟ್ಟಿಸೀನಿ. ಹುಲಿಗೇಶ, ನಿನಗ ಡಬಲ್ ಪಟ್ಟಿ ಅಂತ ಹೆಸರಿಟ್ಟೀನಿ. ನಿಂದೂ ನಂದೂ ಪಟ್ಟಿ ಒಂದ ಐತಿ, ನಿನ್ನೆ ಮಗಳು ತೋರಿಸಿದ್ಲು. ಎಲ್ಲಾರೂ ನನ್ನ ಮಾಫ್ ಮಾಡ್ರಿ."

ಯಾರೂ ನಗಲಿಲ್ಲ. ಅವನು ಮಗಳ ಕಡೆ ನೋಡಿದ.

"ಆದರ ಒಂದು ಮಾತು. ಗ್ವಾಡಿ ಸೊಟ್ಟ ಐತಿ ಅಂತ ದಾರಕ್ಕ ಕಟ್ಟಿ ಇಳಿಬಿಟ್ಟ ತೂಕದ ಗುಂಡು ಹೇಳಿದ್ರ, ಗೌಂಡಿ ಗುಂಡಿನ ಮ್ಯಾಲ ಸಿಟ್ಟಾಗೂದಿಲ್ಲ, ಗ್ವಾಡಿ ಕೆಡವಿ ಕಟ್ಟತಾನ. ನನ್ನ ಮಗಳು ಇವತ್ತ ಗುಂಡು ಬಿಟ್ಟು ತೋರಿಸ್ಯಾಳ. ಅಪ್ಪನ ಗ್ವಾಡಿನೂ ಸೊಟ್ಟ, ಧಣೇರ ಗ್ವಾಡಿನೂ ಸೊಟ್ಟ. ಅಪ್ಪನ ಹೆಸರು ಮುಚ್ಚಿದ್ಲು, ವರದಿಯೊಳಗ ಅದೊಂದ ತಪ್ಪು. ಬರಕೋ ನಿಶಾತ, ಹೆಸರು ಬರಿ. ಮುಂದ ಗೌಂಡಿ ಅನ್ನೂದನ್ನೂ ಬರಿ."

ನಿಶಾತ ಮೈಕಿನ ಮುಂದೆಯೇ ಬರೆದುಕೊಂಡಳು. ಅವಳ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಇನ್ನ ಓಣಿಯವರು ಕೇಳ್ರಿ. ಸಿಮೆಂಟು ಉಸುಕು ನಿಮ್ಮದು, ಕೈ ನಂದು. ಕೂಲಿ ಬ್ಯಾಡ. ಮೂವತ್ತೆಂಟೂ ಗ್ವಾಡಿ ಮಾಡಿಕೊಡ್ತೀನಿ, ನಂದು ಕಡೀಕ. ಧಣೇರ, ನೀವೂ ಹನ್ನೊಂದರಾಗ ಒಂದು ಜಾಗಾಕ್ಕಾದ್ರೂ ಮನಿ ಕಟ್ಟಸ್ರಿ. ಅಲ್ಲಿ ಮಾತ್ರ ಕೂಲಿ ತಗೋತೀನಿ."

ಈಗ ಸಭೆ ನಕ್ಕಿತು. ಕರೀಮಸಾಬ ಹೆದರಿದ್ದ ನಗೆ ಅದಲ್ಲ. ಅಂದಾನಪ್ಪನವರೂ ತುಟಿಯ ತುದಿಯಲ್ಲಿ ನಕ್ಕರು. "ಹೆಸರು ಕೇಳಿದ್ದೆ, ಸಿಕ್ತು. ಖಾಲಿ ಜಾಗಾದ ಕರಕ್ಕ ನಾನು ಇನ್ನೂ ಒಪ್ಪಿಲ್ಲ ಮಗಳ. ಆದರ ವರದಿ ಸೊಟ್ಟ ಐತಿ ಅಂತ ಇನ್ನ ಅನ್ನೂದಿಲ್ಲ," ಎಂದು ಕೂತರು.

ನೀಲಗಂಗವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಮೊದಲ ನನ್ನ ಮನಿ ಆಗಬೇಕು ಕರೀಮಣ್ಣ. ಸಣ್ಣ ಮಗಳ ಲಗ್ನ ಕಾರ್ತೀಕಕ್ಕ ಐತಿ. ಈ ಸಲ ಅರಿವಿ ಕಟ್ಟೂದಿಲ್ಲ."

ಕೈಯೆತ್ತಿ ಎಂದು ಯಾರೂ ಹೇಳಲಿಲ್ಲ, ಆದರೂ ಓಣಿಯ ಜನ ಎತ್ತಿದರು. ವರದಿಯ ಎರಡೂ ಸಲಹೆ ಊರಿನ ಒಪ್ಪಿಗೆಯೊಡನೆ ಮೇಲಿನವರಿಗೆ ಹೋಗಲಿ ಎಂದು ಆಯಿತು. ಹೊರಗೆ ಬರುವಾಗ ಹುಲಿಗೇಶ ಕರೀಮಸಾಬನ ಹೆಗಲ ಮೇಲೆ ಕೈ ಹಾಕಿದ. "ಕಾಕಾ, ಇಪ್ಪತ್ತೆರಡು ವರ್ಷ ನಾನೂ ನಂಬಿದ್ದೆ, ಡಬಲ್ ತುಂಬಾಕತ್ತೀನಿ ಅಂತ," ಎಂದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆರು ತಿಂಗಳು ಕರೀಮಸಾಬ ಲಕ್ಷ್ಮೇಶ್ವರದ ಬಸ್ಸು ಹತ್ತಲಿಲ್ಲ ಎಂದರೆ ತಪ್ಪಾಗುತ್ತದೆ, ಹೊಟ್ಟೆ ಕೇಳಬೇಕಲ್ಲ. ವಾರದಲ್ಲಿ ನಾಲ್ಕು ದಿನ ಹೊರಗಿನ ಕೆಲಸ, ಮೂರು ದಿನ ಓಣಿ. ಕಾರ್ತೀಕದೊಳಗೆ ನೀಲಗಂಗವ್ವನ ಮನೆ ಮುಗಿಯಿತು, ಬೀಗರು ಗೋಡೆ ಸವರಿ ನೋಡಿ ಗೌಂಡಿ ಯಾರು ಎಂದು ಕೇಳಿದರು. ಅಮೀನಬಿ ಹಸಿರು ಬಣ್ಣ ಬೇಕೆಂದು ಹಟ ಹಿಡಿದಳು. ಮಾಳಿಗೆಯ ಮೇಲೆ ಕಬ್ಬಿಣದ ರಾಡು ಚಾಚಿಕೊಂಡಿದ್ದ ಎರಡು ಮನೆಯವರು, ಹೇಗೂ ಗೌಂಡಿ ಬಂದಿದ್ದಾನೆ ಎಂದು ಮೇಲೊಂದು ಖೋಲಿ ಎತ್ತಿಸಿದರು. ಒಂದಕ್ಕೆ ದವಾಖಾನೆಯ ನರ್ಸಬಾಯಿ ಬಾಡಿಗೆಗೆ ಬಂದಳು.

ಅಚ್ಚಾದ ವರದಿ ಅಂಚೆಯಲ್ಲಿ ಬಂದ ದಿನ ಕರೀಮಸಾಬ ತನ್ನದೇ ಮನೆಯ ಮುಂದೆ ಅಟ್ಟಣಿಗೆಯ ಮೇಲಿದ್ದ. ಕೆಳಗಿಳಿದು, ಕೈ ತೊಳೆದು, ಟವೆಲಿಗೆ ಒರೆಸಿ, ಕಟ್ಟೆಯ ಮೇಲೆ ಕೂತು ಹಾಳೆ ತಿರುವಿದ. ಜೈಬುನ್ನೀಸಾ ಪಕ್ಕಕ್ಕೆ ಬಂದು ನಿಂತಳು. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. "ಈ ತಪ್ಪು ತಿಳಿವಳಿಕೆಯನ್ನು ಮೊದಲು ಹೇಳಿದವರೂ, ಸಭೆಯಲ್ಲಿ ಎದ್ದು ನಿಂತು ಅದನ್ನು ತಿದ್ದಿದವರೂ ಒಬ್ಬರೇ: ಕರೀಮಸಾಬ, ಗೌಂಡಿ, ಮುಂಡರಗಿ."

ಎರಡು ಸಲ ಓದಿದ. ಮೂರನೆಯ ಸಲ ಮನಸ್ಸಿನಲ್ಲೇ ಓದಿದ. ಕೆಳಗಿನ ಸಾಲಿಗೆ ಬಂದಾಗ ಹುಬ್ಬು ಗಂಟಿಕ್ಕಿ ಫೋನು ತೆಗೆದು ಮಗಳಿಗೆ ಹಚ್ಚಿದ.

"ವರದಿ ಬಂತು ನಿಶಾತ. ಇದರಾಗ ಒಂದು ತಪ್ಪೈತಿ."

ಆ ಕಡೆ ಅವಳ ದನಿ ಸಣ್ಣದಾಯಿತು. "ಎಲ್ಲಿ ಅಬ್ಬಾ?"

"ಓಣ್ಯಾಗ ಮೂವತ್ತೆಂಟು ಮನಿಗೆ ಗಿಲಾವ್ ಇಲ್ಲ ಅಂತ ಬರದೀ." ಅವನು ತಲೆಯೆತ್ತಿ, ಇನ್ನೂ ಒಂದು ಮೊಳ ಉಳಿದಿದ್ದ ತನ್ನ ಗೋಡೆ ನೋಡಿದ. "ಸಂಜೀಕ ಒಂದೂ ಇರೂದಿಲ್ಲ. ತಿದ್ದಕೋ."